ಪಿನ್‌ಗಳು ಸಾಲದಾದಾಗ ಯಾವ ಚಿಪ್? ಶಿಫ್ಟ್ ರಿಜಿಸ್ಟರ್ ಆರಿಸಿಕೊಳ್ಳುವವರಿಗೆ ಒಂದು ಹೋಲಿಕೆ

ಮಳೆ ಇಳಿಯುತ್ತಿದ್ದ ದಿನಗಳಲ್ಲಿ ಒಂದೇ ಪ್ರಶ್ನೆ ಮೂರು ಕಡೆಯಿಂದ ನನ್ನ ಬಳಿ ಬಂತು. ಗೋಣಿಕೊಪ್ಪಲಿನ ಹತ್ತಿರದ ಕಾಫಿ ಬೆಳೆಗಾರರೊಬ್ಬರಿಗೆ, ಫೆಬ್ರವರಿಯಲ್ಲಿ ಹೂವಿಗೆ ನೀರು ಕೊಡುವ ಹೊತ್ತಿಗೆ ಹನ್ನೆರಡು ಸ್ಪ್ರಿಂಕ್ಲರ್ ವಾಲ್ವ್‌ಗಳನ್ನು ಪಂಪ್‌ಹೌಸಿನಿಂದಲೇ ತೆರೆದು ಮುಚ್ಚುವ ಪೆಟ್ಟಿಗೆ ಬೇಕಿತ್ತು. ಮಡಿಕೇರಿಯಲ್ಲಿ ದಸರಾ ಮಂಟಪಕ್ಕೆ ದೀಪದ ಬೋರ್ಡ್ ಕಟ್ಟುವ ಯುವಕರಿಗೆ ಅರವತ್ತನಾಲ್ಕು ಸಾಲುಗಳ ಓಡುವ ಬೆಳಕು ಬೇಕಿತ್ತು. ಕುಶಾಲನಗರದ ಇಬ್ಬರು ಡಿಪ್ಲೊಮಾ ವಿದ್ಯಾರ್ಥಿನಿಯರು ತೋಟದಲ್ಲಿ ಬಿದ್ದ ಮಳೆಯನ್ನು ಇಲ್ಲಿನ ರೂಢಿಯಂತೆ ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲಿ ಒಂದು ಭಾಗ) ತೋರಿಸುವ ದೊಡ್ಡ ಅಂಕಿಗಳ ಫಲಕ ಮಾಡಲು ಹೊರಟಿದ್ದರು. ಎಲ್ಲರ ಕೈಯಲ್ಲಿದ್ದದ್ದೂ ಆರ್ಡುಯಿನೋ ಊನೋ ಅಥವಾ ಇಎಸ್‌ಪಿ32 ಎಂಬ, ಪ್ರೋಗ್ರಾಮ್ ತುಂಬಿ ನಡೆಸುವ ಸಣ್ಣ ನಿಯಂತ್ರಕ ಬೋರ್ಡು. ಊನೋದಲ್ಲಿ 14 ಡಿಜಿಟಲ್ ಪಿನ್, 6 ಅನಲಾಗ್ ಪಿನ್. ಅದರಲ್ಲಿ ಎರಡು ಕಂಪ್ಯೂಟರಿನೊಂದಿಗೆ ಮಾತನಾಡಲು ಹೋಗುತ್ತವೆ. ಅರವತ್ತನಾಲ್ಕು ದೀಪ ಎಲ್ಲಿಂದ ಬರಬೇಕು?

ಶಿಫ್ಟ್ ರಿಜಿಸ್ಟರ್, ಅಂದರೆ ಎರಡು ಮೂರು ತಂತಿಯಲ್ಲೇ ಹಲವು ಔಟ್‌ಪುಟ್ ಕೊಡುವ ಚಿಪ್, ಬಳಸಿ ಎಂಬುದು ಸಿದ್ಧ ಉತ್ತರ. ಆದರೆ ಅಂಗಡಿಯ ಪಟ್ಟಿ ತೆರೆದರೆ 74ಎಚ್‌ಸಿ595, 74ಎಚ್‌ಸಿ164, ಸಿಡಿ4094, ಟಿಪಿಐಸಿ6ಬಿ595, 74ಎಚ್‌ಸಿ165 ಎಂದು ಸಾಲಾಗಿ ನಿಂತಿರುತ್ತವೆ, ಪಕ್ಕದಲ್ಲೇ ಅದೇ ಕೆಲಸಕ್ಕೆ ತಾನೂ ಆಗುತ್ತೇನೆಂದು ಎಂಸಿಪಿ23017 ಇರುತ್ತದೆ. ಬಿಡಿಭಾಗದ ಅಂಗಡಿ ಬೀದಿಯ ತುದಿಯಲ್ಲೇ ಇದ್ದರೆ ತಪ್ಪು ಆಯ್ಕೆಗೆ ಒಂದು ಸಂಜೆಯ ನಷ್ಟ. ಕೊಡಗಿನಲ್ಲಿ ಹಾಗಲ್ಲ. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರಿನ ಎಸ್.ಪಿ. ರಸ್ತೆ ಇನ್ನೂ ದೂರ; ಕೊರಿಯರ್ ಬರುವವರೆಗೆ ಕೆಲಸ ನಿಂತಿರುತ್ತದೆ. ಆದ್ದರಿಂದ ಆರಿಸುವ ಮೊದಲೇ ಸ್ವಲ್ಪ ಹೆಚ್ಚು ಯೋಚಿಸುವುದು ಒಳ್ಳೆಯದು.

ಒಳಗೆ ನಡೆಯುವುದೇನು

ಲಾರಿಯಿಂದ ಗೋಡೌನಿನವರೆಗೆ ಎಂಟು ಜನ ಸಾಲಾಗಿ ನಿಂತು ಕಾಫಿ ಚೀಲ ದಾಟಿಸುತ್ತಿದ್ದಾರೆ ಎಂದುಕೊಳ್ಳಿ. ಮೇಸ್ತ್ರಿ ಸೀಟಿ ಊದಿದಾಗಲೆಲ್ಲ ಪ್ರತಿಯೊಬ್ಬರೂ ತಮ್ಮ ಕೈಯಲ್ಲಿರುವುದನ್ನು ಮುಂದಿನವರಿಗೆ ಕೊಟ್ಟು, ಹಿಂದಿನವರಿಂದ ಹೊಸದನ್ನು ಪಡೆಯುತ್ತಾರೆ. ಮೊದಲನೆಯವರು ಮಾತ್ರ ಲಾರಿಯಿಂದ ಪಡೆಯುತ್ತಾರೆ, ಚೀಲ ಇದ್ದರೆ ಚೀಲ, ಇಲ್ಲದಿದ್ದರೆ ಬರಿಗೈ. ಎಂಟು ಸೀಟಿಯಾದ ಮೇಲೆ ಮೊದಲು ಹೊರಟ ಚೀಲ ಎಂಟನೆಯವರ ಕೈಯಲ್ಲಿರುತ್ತದೆ. ಶಿಫ್ಟ್ ರಿಜಿಸ್ಟರ್ ಎಂದರೆ ಇಷ್ಟೇ. ಒಬ್ಬೊಬ್ಬ ಆಳಿನ ಜಾಗದಲ್ಲಿ ಒಂದೊಂದು ಡಿ ಫ್ಲಿಪ್-ಫ್ಲಾಪ್ (ಒಂದು ಬಿಟ್ ಹಿಡಿದಿಡುವ ಸರ್ಕ್ಯೂಟ್) ಇರುತ್ತದೆ, ಚೀಲ ಇದೆಯೋ ಇಲ್ಲವೋ ಎಂಬುದು 1 ಅಥವಾ 0, ಸೀಟಿಯೇ ಕ್ಲಾಕ್. ಕ್ಲಾಕ್ ಕೆಳಗಿನಿಂದ ಮೇಲಕ್ಕೆ ಏರುವ ಕ್ಷಣದಲ್ಲಿ ಪ್ರತಿ ಫ್ಲಿಪ್-ಫ್ಲಾಪ್ ತನ್ನ ಹಿಂದಿನದರ ಬಿಟ್ಟನ್ನು ಹಿಡಿದುಕೊಳ್ಳುತ್ತದೆ. ಎಲ್ಲರೂ ಒಂದೇ ಕ್ಷಣದಲ್ಲಿ ಕೈ ಬದಲಿಸಿದರೂ ಗಲಿಬಿಲಿಯಾಗದಿರಲು ಕಾರಣವಿದೆ: ಕ್ಲಾಕ್ ಏರಿದ ಮೇಲೆ ಫ್ಲಿಪ್-ಫ್ಲಾಪಿನ ಔಟ್‌ಪುಟ್ ಬದಲಾಗಲು ಕೆಲವು ನ್ಯಾನೋಸೆಕೆಂಡ್ ಬೇಕು, ಅಷ್ಟರೊಳಗೆ ಮುಂದಿನದು ಹಳೆಯ ಬಿಟ್ಟನ್ನು ಎತ್ತಿಕೊಂಡಾಗಿರುತ್ತದೆ.

ಹೀಗೆ ಡೇಟಾಗೆ ಒಂದು ತಂತಿ, ಕ್ಲಾಕಿಗೆ ಒಂದು ತಂತಿ ಇದ್ದರೆ ಎಂಟು ಔಟ್‌ಪುಟ್ ಸಿಗುತ್ತದೆ. ಎಂಟನೆಯ ಆಳಿನ ಕೈಯಿಂದ ಇನ್ನೊಂದು ಚಿಪ್ಪಿನ ಮೊದಲ ಆಳಿಗೆ ದಾಟಿಸಿದರೆ ಹದಿನಾರು, ಮತ್ತೊಂದು ಸೇರಿಸಿದರೆ ಇಪ್ಪತ್ತನಾಲ್ಕು. ಬೋರ್ಡಿನ ಕಡೆಯಿಂದ ತಂತಿ ಹೆಚ್ಚಾಗುವುದಿಲ್ಲ. ಮೊದಲು ಕಳಿಸಿದ ಬೈಟ್ (ಎಂಟು ಬಿಟ್ಟುಗಳ ಕಂತೆ) ಸರಪಳಿಯ ಕೊನೆಯ ಚಿಪ್ಪಿಗೆ ಹೋಗಿ ಕೂರುತ್ತದೆ ಎಂಬುದನ್ನು ಮಾತ್ರ ನೆನಪಿಡಬೇಕು. ದೀಪಗಳು ತಿರುಗುಮುರುಗಾಗಿ ಉರಿದರೆ ಹತ್ತರಲ್ಲಿ ಒಂಬತ್ತು ಸಲ ಕಾರಣ ಇದೇ. ಇದನ್ನೇ ಹಿಂದುಮುಂದು ಮಾಡಿ, ಎಂಟು ಸ್ವಿಚ್ಚುಗಳ ಸ್ಥಿತಿಯನ್ನು ಒಮ್ಮೆಗೇ ಎಂಟೂ ಆಳುಗಳ ಕೈಗೆ ಕೊಟ್ಟು ಒಂದೊಂದಾಗಿ ಹೊರಗೆ ತರಿಸಿದರೆ ಅದು ಇನ್‌ಪುಟ್ ಬಗೆಯ ರಿಜಿಸ್ಟರ್.

ಯಾವುದರಿಂದ ಅಳೆಯಬೇಕು

ಪಿನ್ ಎಷ್ಟು ಉಳಿಯುತ್ತದೆ ಎಂಬುದನ್ನು ಅಳತೆಯಾಗಿ ಇಟ್ಟುಕೊಳ್ಳಬೇಡಿ. ಅದನ್ನು ಎಲ್ಲ ಚಿಪ್ಪುಗಳೂ ಹೆಚ್ಚುಕಡಿಮೆ ಒಂದೇ ರೀತಿ ಉಳಿಸುತ್ತವೆ. ನಾನು ಮೊದಲು ಕೇಳುವುದು, ಕರೆಂಟ್ ಹೋಗಿ ಮತ್ತೆ ಬಂದ ಕ್ಷಣದಲ್ಲಿ ಔಟ್‌ಪುಟ್ಟುಗಳು ಯಾವ ಸ್ಥಿತಿಯಲ್ಲಿರುತ್ತವೆ ಎಂದು. ಆಮೇಲೆ, ಬಿಟ್‌ಗಳು ಸರಿಯುತ್ತಿರುವಾಗ ಔಟ್‌ಪುಟ್ ನಿಶ್ಚಲವಾಗಿರಬೇಕೆ, ಒಂದೊಂದು ಔಟ್‌ಪುಟ್ಟಿಗೆ ಎಷ್ಟು ಮಿಲಿಆಂಪ್ ಬೇಕು, ಬೋರ್ಡು 5 ವೋಲ್ಟಿನದೋ 3.3 ವೋಲ್ಟಿನದೋ ಎಂಬುದು. ಕೊನೆಗೆ ಬೆಲೆ, ಮತ್ತು ಚಿಪ್ ಸುಟ್ಟುಹೋದರೆ ಬದಲಿ ಎಷ್ಟು ದಿನದಲ್ಲಿ ಸಿಗುತ್ತದೆ ಎಂಬುದು.

ಮೊದಲ ಪ್ರಶ್ನೆಯನ್ನು ಮೊದಲಿಗೇ ಇಟ್ಟದ್ದಕ್ಕೆ ಕಾರಣವನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಒಂದು ತೋಟಕ್ಕೆ ಎಂಟು ವಾಲ್ವ್‌ಗಳ ಪೆಟ್ಟಿಗೆ ಮಾಡಿಕೊಟ್ಟಿದ್ದೆ. ಒಂದು 595, ಅದರ ಮುಂದೆ ಎಂಟು ರಿಲೇಗಳ (ವಿದ್ಯುತ್ತಿನಿಂದ ಎಳೆಯುವ ಸ್ವಿಚ್ಚುಗಳ) ಸಿದ್ಧ ಬೋರ್ಡು. 595ರ ಕ್ಲಿಯರ್ ಪಿನ್ನಿಗೆ ಒಂದು ರೆಸಿಸ್ಟರ್, ಒಂದು ಕೆಪಾಸಿಟರ್ ಹಾಕಿ, ಕರೆಂಟ್ ಬಂದೊಡನೆ ಎಲ್ಲ ಬಿಟ್ಟುಗಳೂ ಸೊನ್ನೆಯಾಗುತ್ತವೆ, ಸೊನ್ನೆ ಎಂದರೆ ಎಲ್ಲವೂ ಬಂದ್ ಎಂದು ನಂಬಿದ್ದೆ. ಏಪ್ರಿಲಿನ ಒಂದು ಸಂಜೆ ಗುಡುಗಿನ ಹೊತ್ತಿನಲ್ಲಿ ಕರೆಂಟ್ ಹೋಗಿ ಬಂತು, ನಾನು ಪೆಟ್ಟಿಗೆಯ ಎದುರೇ ನಿಂತಿದ್ದೆ. ಬಂದ ಕ್ಷಣ ಐದು ರಿಲೇಗಳು ಟಕ್ಕೆಂದವು. ಅರೆಕ್ಷಣ ಬಿಟ್ಟು ಉಳಿದ ಮೂರೂ ಟಕ್ಕೆಂದವು. ಎಂಟೂ ಕೆಂಪು ದೀಪ ಉರಿದವು, ಎಂಟೂ ವಾಲ್ವ್ ತೆರೆದುಕೊಂಡವು, ಪೈಪಿನ ಒತ್ತಡದ ಮುಳ್ಳು ಕಣ್ಣೆದುರೇ ಕೆಳಗಿಳಿಯಿತು.

ನನ್ನ ತಪ್ಪು ಎರಡು. 595ರ ಕ್ಲಿಯರ್ ಪಿನ್ ಒಳಗಿನ ಶಿಫ್ಟ್ ರಿಜಿಸ್ಟರನ್ನು ಮಾತ್ರ ಸೊನ್ನೆ ಮಾಡುತ್ತದೆ. ಔಟ್‌ಪುಟ್ಟುಗಳನ್ನು ಹಿಡಿದಿರುವ ಸ್ಟೋರೇಜ್ ರಿಜಿಸ್ಟರ್ ಬೇರೆಯೇ ಇದೆ, ಅದಕ್ಕೆ ಲ್ಯಾಚ್ ಕ್ಲಾಕ್ (ಒಳಗಿನ ಬಿಟ್ಟುಗಳನ್ನು ಔಟ್‌ಪುಟ್ಟಿಗೆ ದಾಟಿಸುವ ಸೂಚನೆ) ಸಿಗುವವರೆಗೆ ಅದರಲ್ಲಿ ಏನು ಬೇಕಾದರೂ ಇರಬಹುದು. ಮೊದಲ ಐದು ರಿಲೇಗಳು ಎಳೆದದ್ದು ಆ ಅಡ್ಡಾದಿಡ್ಡಿ ಬಿಟ್ಟುಗಳಿಂದ. ಎರಡನೆಯದಾಗಿ, ಮಾರುಕಟ್ಟೆಯಲ್ಲಿ ಸಿಗುವ ಬಹುಪಾಲು ರಿಲೇ ಬೋರ್ಡುಗಳು ಸೊನ್ನೆ ಕೊಟ್ಟಾಗ ಚಾಲೂ ಆಗುವಂಥವು. ನನ್ನ ಪ್ರೋಗ್ರಾಮ್ ಸುರಕ್ಷಿತವೆಂದು ಕಳಿಸಿದ ಎಂಟು ಸೊನ್ನೆಗಳೇ ಉಳಿದ ಮೂರನ್ನೂ ಎಳೆದವು. ಮಳೆಗಾಲಕ್ಕೆ ಮುಂಚಿನ ಗುಡುಗಿಗೂ ಜೂನ್ ಜುಲೈಯ ಗಾಳಿಗೂ ದಿನಕ್ಕೆ ಹಲವು ಸಲ ಕರೆಂಟ್ ಹೋಗಿ ಬರುವ ಊರಿನಲ್ಲಿ ಇದು ಎಂದೋ ಒಮ್ಮೆ ಆಗುವ ಸಂಗತಿಯಲ್ಲ, ದಿನನಿತ್ಯದ್ದು.

74ಎಚ್‌ಸಿ595

ಇದರ ಒಳಗೆ ಎರಡು ಅಂತಸ್ತು ಇದೆ. ಕೆಳಗೆ ಬಿಟ್ಟುಗಳು ಸರಿಯುವ ರಿಜಿಸ್ಟರ್, ಮೇಲೆ ಅವನ್ನು ಹಿಡಿದು ಹೊರಗೆ ತೋರಿಸುವ ರಿಜಿಸ್ಟರ್. ಕೆಳಗೆ ಬಿಟ್ಟುಗಳು ಎಷ್ಟೇ ಓಡಾಡಿದರೂ, ಲ್ಯಾಚ್ ಕ್ಲಾಕ್ ಏರುವವರೆಗೆ ಹೊರಗಿನ ಔಟ್‌ಪುಟ್ ಅಲುಗುವುದಿಲ್ಲ; ಏರಿದಾಗ ಎಂಟೂ ಒಟ್ಟಿಗೆ ಬದಲಾಗುತ್ತವೆ. ರಿಲೇ, ಮೋಟಾರು, ಅಂಕಿಗಳ ಫಲಕ ಯಾವುದೇ ಇರಲಿ, ಅರ್ಧ ಬಂದ ಬೈಟ್ ಹೊರಗೆ ಕಾಣಬಾರದ ಎಲ್ಲ ಕಡೆಗೂ ಇದೇ ಬೇಕು. 16 ಪಿನ್, 2ರಿಂದ 6 ವೋಲ್ಟ್, ಅಗ್ಗದ ಬೆಲೆ, ಎಲ್ಲ ಅಂಗಡಿಯಲ್ಲೂ ದಾಸ್ತಾನು.

ನನ್ನ ಪೆಟ್ಟಿಗೆಯ ರೋಗಕ್ಕೆ ಮದ್ದೂ ಇದರಲ್ಲೇ ಇತ್ತು, ನಾನು ಬಳಸಿರಲಿಲ್ಲ ಅಷ್ಟೇ. 13ನೆಯ ಪಿನ್ ಔಟ್‌ಪುಟ್ ಎನೇಬಲ್. ಅದು ಮೇಲಿದ್ದರೆ, ಅಂದರೆ 1 ಆಗಿದ್ದರೆ, ಎಂಟೂ ಔಟ್‌ಪುಟ್ಟುಗಳು ತಂತಿಯಿಂದ ಕಳಚಿಕೊಂಡಂತೆ ಸುಮ್ಮನಾಗುತ್ತವೆ. ಹೆಚ್ಚಿನ ಸರ್ಕ್ಯೂಟ್ ಚಿತ್ರಗಳಲ್ಲಿ ಇದನ್ನು ನೇರವಾಗಿ ಗ್ರೌಂಡಿಗೆ ಕಟ್ಟಿರುತ್ತಾರೆ, ಒಂದು ಪಿನ್ ಉಳಿಸುವ ಆಸೆಯಿಂದ. ಹಾಗೆ ಮಾಡಬೇಡಿ. 10 ಕಿಲೋಓಮ್ ರೆಸಿಸ್ಟರಿನಿಂದ ಅದನ್ನು ಮೇಲಿನ ವೋಲ್ಟೇಜಿಗೆ ಎಳೆದು, ಬೋರ್ಡಿನ ಒಂದು ಪಿನ್ನಿಗೂ ಜೋಡಿಸಿ. ಕರೆಂಟ್ ಬಂದಾಗ, ಅಥವಾ ಬೋರ್ಡು ರೀಸೆಟ್ ಆದಾಗ, ಬೋರ್ಡಿನ ಪಿನ್‌ಗಳು ಇನ್‌ಪುಟ್ ಆಗಿರುತ್ತವೆ; ಆಗ ರೆಸಿಸ್ಟರೇ ಯಜಮಾನ, ಔಟ್‌ಪುಟ್ ಬಂದ್. ಪ್ರೋಗ್ರಾಮ್ ಎದ್ದು, ಸರಿಯಾದ ಬೈಟ್ ಕಳಿಸಿ, ಲ್ಯಾಚ್ ಮಾಡಿ, ಆಮೇಲೆ ಮಾತ್ರ ಆ ಪಿನ್ನನ್ನು ಕೆಳಗಿಳಿಸುತ್ತದೆ. ಊನೋದಲ್ಲಿ ಇದಕ್ಕೆ 13ನೆಯ ಪಿನ್ ಆರಿಸಬೇಡಿ, ಬೋರ್ಡು ಏಳುವಾಗ ಮೊದಲು ಓಡುವ ಬೂಟ್‌ಲೋಡರ್ ಎಂಬ ಪ್ರೋಗ್ರಾಮ್ ಅದನ್ನು ಮಿಟುಕಿಸುತ್ತದೆ. ಮೂರು ಪಿನ್ನಿನ ಬದಲು ನಾಲ್ಕು ಪಿನ್ ಖರ್ಚಾಯಿತು ನಿಜ, ಆದರೆ ಅಂದಿನಿಂದ ಆ ತೋಟದ ವಾಲ್ವ್‌ಗಳು ತಾವಾಗಿ ತೆರೆದಿಲ್ಲ.

ಇದರ ದೌರ್ಬಲ್ಯ ಮಿಲಿಆಂಪಿನಲ್ಲಿದೆ. ಇಡೀ ಚಿಪ್ಪಿನ ಮೂಲಕ ಹೋಗಬಹುದಾದ ಒಟ್ಟು ಪ್ರವಾಹದ ಗರಿಷ್ಠ ಮಿತಿ 70 ಮಿಲಿಆಂಪ್. ಕೆಂಪು ಎಲ್‌ಇಡಿಯಲ್ಲಿ ಸುಮಾರು 2 ವೋಲ್ಟ್ ಇಳಿಯುತ್ತದೆ. 5 ವೋಲ್ಟಿನಿಂದ 330 ಓಮ್ ರೆಸಿಸ್ಟರ್ ಹಾಕಿದರೆ ಒಂದರಲ್ಲಿ 9 ಮಿಲಿಆಂಪ್ ಹರಿಯುತ್ತದೆ, ಎಂಟೂ ಉರಿದಾಗ 72. ಮಿತಿ ದಾಟಿತು. 470 ಓಮ್ ಹಾಕಿದರೆ ಎಂಟಕ್ಕೂ ಸೇರಿ ಸುಮಾರು 51, ಸರಿಹೋಯಿತು. ಎಲ್ಲರೂ ರೂಢಿಯಿಂದ ತೆಗೆಯುವ 330ರ ರೆಸಿಸ್ಟರ್ ಇಲ್ಲಿ ಹೊಂದುವುದಿಲ್ಲ. ರಿಲೇಯ ಸುರುಳಿಯಂತೂ ಒಂದೇ 70 ಮಿಲಿಆಂಪ್ ಆಸುಪಾಸು ಎಳೆಯುತ್ತದೆ. ಬರಿಯ ರಿಲೇಯನ್ನು 595ಕ್ಕೆ ನೇರವಾಗಿ ಕಟ್ಟುವ ಮಾತೇ ಇಲ್ಲ.

ಇನ್ನೊಂದು, ಹೆಸರಿನ ನಡುವಿನ ಅಕ್ಷರಗಳು. 5 ವೋಲ್ಟಿನಲ್ಲಿ ಎಚ್‌ಸಿ ಚಿಪ್ 1 ಎಂದು ಒಪ್ಪಲು ಸುಮಾರು 3.5 ವೋಲ್ಟ್ ಬೇಕು, ಇಎಸ್‌ಪಿ32 ಕೊಡುವುದು 3.3. ಮೇಜಿನ ಮೇಲೆ ಅದು ನಡೆದುಬಿಡುತ್ತದೆ, ಅದೇ ಅಪಾಯ. ಪೆಟ್ಟಿಗೆಯೊಳಗೆ ಹೋದ ಮೇಲೆ ಒಮ್ಮೆ ನಡೆಯುತ್ತದೆ, ಒಮ್ಮೆ ಇಲ್ಲ. ಇಎಸ್‌ಪಿ32 ಇದ್ದವರು ಚಿಪ್ಪಿಗೂ 3.3 ವೋಲ್ಟನ್ನೇ ಕೊಡಬೇಕು, ಇಲ್ಲವೇ 2 ವೋಲ್ಟಿಗೇ 1 ಎಂದು ಒಪ್ಪುವ 74ಎಚ್‌ಸಿಟಿ595 ತರಿಸಬೇಕು. ಆರ್ಡರ್ ಮಾಡುವಾಗ ಎಚ್‌ಸಿ, ಎಚ್‌ಸಿಟಿ, ಎಲ್‌ಎಸ್ ಎಂಬುದನ್ನು ಬರೆದು ಕೊಡಿ. ಬರೆಯದಿದ್ದರೆ ಅಂಗಡಿಯವರು ಇದ್ದದ್ದನ್ನು ಕಳಿಸುತ್ತಾರೆ.

164 ಮತ್ತು 4094

74ಎಚ್‌ಸಿ164ಕ್ಕೆ ಮೇಲಿನ ಅಂತಸ್ತಿಲ್ಲ. ಬಿಟ್ ಸರಿದಂತೆಲ್ಲ ಔಟ್‌ಪುಟ್ಟೂ ಸರಿಯುತ್ತದೆ. ಎಂಟು ಎಲ್‌ಇಡಿ ಕಟ್ಟಿ ಒಂದನ್ನು ಮಾತ್ರ ಉರಿಸಿ, ಅದೇ ಬೈಟನ್ನು ಮತ್ತೆ ಮತ್ತೆ ಕಳಿಸುತ್ತಾ ಕತ್ತಲೆಯಲ್ಲಿ ನೋಡಿದರೆ ಉಳಿದ ಏಳರಲ್ಲೂ ನಸುಬೆಳಕು ಕಾಣುತ್ತದೆ. ಹಾದುಹೋಗುವ ಬಿಟ್ಟಿನ ನೆರಳು ಅದು. ದೀಪಕ್ಕೆ ಇದು ಸಣ್ಣ ಕೊರತೆ, ರಿಲೇಗೆ ದೊಡ್ಡದು. ಕಳಚಿಕೊಳ್ಳುವ ಔಟ್‌ಪುಟ್ಟೂ ಇದರಲ್ಲಿಲ್ಲ. ಆದರೆ 14 ಪಿನ್ನಿನ ಈ ಸರಳ ಚಿಪ್ಪಿಗೂ ಅದರದೇ ಜಾಗವಿದೆ. ಬೆಳಕು ಸರಿಯುವುದೇ ಕಣ್ಣಿಗೆ ಕಾಣಬೇಕಾದ ಆಟವಾಗಿದ್ದರೆ ಲ್ಯಾಚ್ ಏಕೆ ಬೇಕು? ಕೊನೆಯ ಔಟ್‌ಪುಟ್ಟನ್ನು ತಲೆಕೆಳಗು ಮಾಡಿ ಮೊದಲ ಇನ್‌ಪುಟ್ಟಿಗೆ ಕೊಟ್ಟು, ಆರಂಭದಲ್ಲಿ ಒಮ್ಮೆ ಕ್ಲಿಯರ್ ಮಾಡಿ, ನಿಧಾನದ ಒಂದು ಕ್ಲಾಕ್ ಹಾಕಿದರೆ, ಎಂಟು ದೀಪಗಳು ಒಂದೊಂದಾಗಿ ತುಂಬಿ ಒಂದೊಂದಾಗಿ ಖಾಲಿಯಾಗುತ್ತವೆ, ಯಾವ ಪ್ರೋಗ್ರಾಮೂ ಇಲ್ಲದೆ. ಇದಕ್ಕೆ ಜಾನ್ಸನ್ ಕೌಂಟರ್ ಎನ್ನುತ್ತಾರೆ. ಕಲಿಯುವವರು ಶಿಫ್ಟ್ ರಿಜಿಸ್ಟರನ್ನು ಮೊದಲು ನೋಡಬೇಕಾದದ್ದು 164ರಲ್ಲಿ ಎಂಬುದು ನನ್ನ ಅಭಿಪ್ರಾಯ. ಕ್ಲಾಕಿನ ಜಾಗದಲ್ಲಿ ಪುಟಿಯದಂತೆ ಮಾಡಿದ (ಒಮ್ಮೆ ಒತ್ತಿದರೆ ಒಂದೇ ಸಲ ಎಣಿಕೆಯಾಗುವ) ಒಂದು ಗುಂಡಿ ಇಟ್ಟು ಒತ್ತುತ್ತಾ ಹೋದರೆ, ಬಿಟ್ ಹೆಜ್ಜೆ ಹೆಜ್ಜೆಗೂ ಸರಿಯುವುದು ಕಾಣುತ್ತದೆ.

ಸಿಡಿ4094 ಹಳೆಯ ತಲೆಮಾರಿನದು. ಲ್ಯಾಚ್ ಇದೆ, 15 ವೋಲ್ಟಿನವರೆಗೂ ನಡೆಯುತ್ತದೆ. ಇಡೀ ಸರ್ಕ್ಯೂಟ್ 12 ವೋಲ್ಟಿನದಾಗಿದ್ದರೆ ಇದರಿಂದ ಅನುಕೂಲ. 5 ವೋಲ್ಟಿನಲ್ಲಿ ಇದರ ಔಟ್‌ಪುಟ್ ಬಹಳ ದುರ್ಬಲ, ಎಲ್‌ಇಡಿಗೂ ಟ್ರಾನ್ಸಿಸ್ಟರ್ ಹಾಕಬೇಕಾದೀತು. ಲ್ಯಾಚಿನ ಸ್ವಭಾವವೂ ಬೇರೆ: ಸ್ಟ್ರೋಬ್ ಎಂಬ ಲ್ಯಾಚ್ ಪಿನ್ ಮೇಲಿರುವಷ್ಟು ಹೊತ್ತೂ ಅದರ ಬಾಗಿಲು ತೆರೆದೇ ಇರುತ್ತದೆ. ಬೇರೆ ಕಾರಣವಿಲ್ಲದಿದ್ದರೆ 595ನ್ನು ಬಿಟ್ಟು ಇದರತ್ತ ಹೋಗಬೇಕಿಲ್ಲ.

ಹೆಚ್ಚು ಮಿಲಿಆಂಪ್ ಬೇಕಾದಾಗ

ಇಲ್ಲಿ ದಾರಿ ಎರಡು. ಟಿಪಿಐಸಿ6ಬಿ595 ಎಂಬ 20 ಪಿನ್ನಿನ ಚಿಪ್ 595ರ ಲೆಕ್ಕದಲ್ಲೇ ನಡೆಯುತ್ತದೆ, ಆದರೆ ಔಟ್‌ಪುಟ್ಟಿನಲ್ಲಿ ಶಕ್ತಿಯುತ ಟ್ರಾನ್ಸಿಸ್ಟರುಗಳಿವೆ. ಒಂದೊಂದೂ ಸತತವಾಗಿ 150 ಮಿಲಿಆಂಪ್ ತಾಳುತ್ತದೆ, ರಿಲೇ ಸುರುಳಿ ಬಿಡುವಾಗ ಎದ್ದೇಳುವ ವೋಲ್ಟೇಜನ್ನು 50 ವೋಲ್ಟಿಗೆ ತಡೆಯುವ ವ್ಯವಸ್ಥೆ ಒಳಗೇ ಇದೆ. 12 ವೋಲ್ಟಿನ ರಿಲೇ, 12 ವೋಲ್ಟಿನ ದೊಡ್ಡ ಅಂಕಿಯ ಒಂದೊಂದು ಗೆರೆ, ಎರಡಕ್ಕೂ ಹೇಳಿ ಮಾಡಿಸಿದಂತಿದೆ. ಇದು ಗ್ರೌಂಡಿನ ಕಡೆಗೆ ಎಳೆಯಬಲ್ಲದೇ ಹೊರತು ಮೇಲಿನಿಂದ ಕೊಡಲಾರದು, ಆದ್ದರಿಂದ ಅಂಕಿಗಳು ಕಾಮನ್ ಆನೋಡ್ ಬಗೆಯವೇ (ಎಲ್ಲ ಗೆರೆಗಳ ಧನ ತುದಿ ಒಂದೇ ಕಡೆ ಸೇರಿರುವಂಥವು) ಆಗಿರಬೇಕು. ಇನ್ನೊಂದು ಎಚ್ಚರ: 1 ಎಂದು ಒಪ್ಪಲು ಇದಕ್ಕೆ ತನ್ನ ವೋಲ್ಟೇಜಿನ ಶೇಕಡಾ 85, ಅಂದರೆ 5 ವೋಲ್ಟಿನಲ್ಲಿ 4.25 ವೋಲ್ಟ್ ಬೇಕು. ಇಎಸ್‌ಪಿ32 ನೇರವಾಗಿ ಇದನ್ನು ನಡೆಸಲಾರದು, ನಡುವೆ ಸಂಕೇತದ ವೋಲ್ಟೇಜನ್ನು ಏರಿಸುವ 74ಎಚ್‌ಸಿಟಿ125 ತರಹದ ಒಂದು ಬಫರ್ ಬೇಕು.

ಎರಡನೆಯ ದಾರಿ ಸಾಮಾನ್ಯ 595ರ ಮುಂದೆ ಯುಎಲ್‌ಎನ್2803 ಇಡುವುದು. ಎಂಟು ಡಾರ್ಲಿಂಗ್ಟನ್ ಜೋಡಿ (ಒಟ್ಟಿಗೆ ಕೆಲಸ ಮಾಡುವ ಎರಡೆರಡು ಟ್ರಾನ್ಸಿಸ್ಟರ್), ಸುರುಳಿಗೆ ಬೇಕಾದ ಡಯೋಡುಗಳೂ ಒಳಗೇ ಇವೆ. ಎರಡು ಚಿಪ್, ಹೆಚ್ಚು ಬೆಸುಗೆ, ಹೆಚ್ಚು ಜಾಗ. ಒಂದು ವೋಲ್ಟಿನಷ್ಟು ಅದರಲ್ಲೇ ಇಳಿದುಹೋಗುತ್ತದೆ. ಆದರೂ ತೋಟದ ಪೆಟ್ಟಿಗೆಗಳಿಗೆ ನಾನು ಈ ದಾರಿಯನ್ನೇ ಹಿಡಿಯುತ್ತೇನೆ. ಸಿಡಿಲಿನ ಹೊಡೆತ ತಂತಿಯ ಮೂಲಕ ಬಂದರೆ ಹೆಚ್ಚಾಗಿ ಸಾಯುವುದು ಹೊರಗಿನ ತಂತಿಗೆ ಹತ್ತಿರವಿರುವ ಚಿಪ್ಪೇ, ಅಂದರೆ ಯುಎಲ್‌ಎನ್. ಅದು ಅಗ್ಗದ್ದು, ಸಾಕೆಟ್ಟಿನಲ್ಲಿ ಕೂತಿರುತ್ತದೆ, ಟಿವಿ ರಿಪೇರಿಯವರ ಡಬ್ಬಿಯಲ್ಲೂ ಒಮ್ಮೊಮ್ಮೆ ಸಿಗುತ್ತದೆ. ಟಿಪಿಐಸಿ ಸತ್ತರೆ ಕೊರಿಯರನ್ನೇ ಕಾಯಬೇಕು. ಜೊತೆಗೆ, ಎನೇಬಲ್ ಪಿನ್ ಮೇಲಿದ್ದು 595 ಕಳಚಿಕೊಂಡಾಗ, ಯುಎಲ್‌ಎನ್ ತನ್ನ ಒಳಗಿನ ರೆಸಿಸ್ಟರುಗಳಿಂದಲೇ ಬಂದ್ ಆಗಿ ಉಳಿಯುತ್ತದೆ.

ಸ್ವಿಚ್ಚುಗಳನ್ನು ಓದಲು

74ಎಚ್‌ಸಿ165 ಎಂಟು ಇನ್‌ಪುಟ್ಟುಗಳನ್ನು ಒಮ್ಮೆಗೇ ಹಿಡಿದು ಒಂದೊಂದಾಗಿ ಹೊರಹಾಕುತ್ತದೆ. 595ರಂತೆಯೇ ಸರಪಳಿ ಕಟ್ಟಬಹುದು. ಟ್ಯಾಂಕಿನ ಫ್ಲೋಟ್ ಸ್ವಿಚ್ಚು, ಫಲಕದ ಗುಂಡಿ, ಬಾಗಿಲಿನ ಸ್ವಿಚ್ಚು ಇಂಥ ನಿಧಾನದ ಸಂಗತಿಗಳಿಗೆ ಇಷ್ಟು ಸಾಕು. ಪ್ರತಿ ಇನ್‌ಪುಟ್ಟಿಗೂ 10 ಕಿಲೋಓಮ್ ಎಳೆತದ ರೆಸಿಸ್ಟರ್ (ಸ್ವಿಚ್ ತೆರೆದಿರುವಾಗ ಇನ್‌ಪುಟ್ಟನ್ನು ಒಂದು ಸ್ಥಿತಿಯಲ್ಲಿ ಹಿಡಿಯುವಂಥದು) ನೀವೇ ಹಾಕಬೇಕು. ಬಳಸದ ಇನ್‌ಪುಟ್ಟನ್ನು ಗಾಳಿಯಲ್ಲಿ ಬಿಡಬಾರದು. ಸಿಡಿ4021 ಇದೇ ಕೆಲಸದ ಹಳೆಯ ಚಿಪ್, ನಿಂಟೆಂಡೊ ಎನ್‌ಇಎಸ್ ಆಟದ ಕೈಪೆಟ್ಟಿಗೆಯಲ್ಲಿ ಗುಂಡಿಗಳನ್ನು ಓದುತ್ತಿದ್ದದ್ದು ಅದೇ. ಎರಡನ್ನೂ ಅದಲುಬದಲು ಮಾಡಲಾಗದು: 165 ಲೋಡ್ ಪಿನ್ ಕೆಳಗಿದ್ದಾಗ ಹಿಡಿಯುತ್ತದೆ, 4021 ಮೇಲಿದ್ದಾಗ.

ಎಂಸಿಪಿ23017 ಎಂಬ ಪ್ರತಿಸ್ಪರ್ಧಿ

ಇದು ಶಿಫ್ಟ್ ರಿಜಿಸ್ಟರ್ ಎಂದು ಮಾರಾಟವಾಗುವುದಿಲ್ಲ, ಆದರೆ ಗೊಂದಲದಲ್ಲಿರುವ ಹೆಚ್ಚಿನವರ ಪಟ್ಟಿಯಲ್ಲಿ ಇದ್ದೇ ಇರುತ್ತದೆ. 28 ಪಿನ್, 16 ಪೋರ್ಟು, ಪ್ರತಿಯೊಂದನ್ನೂ ಇನ್‌ಪುಟ್ ಅಥವಾ ಔಟ್‌ಪುಟ್ ಮಾಡಬಹುದು (ಈಗಿನ ಡೇಟಾಶೀಟಿನ ಪ್ರಕಾರ ಜಿಪಿಎ7, ಜಿಪಿಬಿ7 ಎರಡು ಮಾತ್ರ ಔಟ್‌ಪುಟ್ಟಿಗಷ್ಟೇ), ಒಳಗೇ ಎಳೆತದ ರೆಸಿಸ್ಟರ್ ಇದೆ, ಇನ್‌ಪುಟ್ ಬದಲಾದರೆ ಬೋರ್ಡಿಗೆ ಇಂಟರಪ್ಟ್ (ಮಾಡುತ್ತಿರುವ ಕೆಲಸ ಬಿಟ್ಟು ಇತ್ತ ನೋಡು ಎಂಬ ಸೂಚನೆ) ಕೊಡುತ್ತದೆ. ಐ2ಸಿ ಎಂಬ, ಚಿಪ್ಪುಗಳು ಪರಸ್ಪರ ಮಾತನಾಡುವ ಪದ್ಧತಿಯ ಎರಡೇ ತಂತಿಯಲ್ಲಿ ಎಂಟು ಚಿಪ್ ಕೂರಿಸಬಹುದು, ಒಟ್ಟು 128 ಪೋರ್ಟು. ನನ್ನ ಮೊದಲ ಅಳತೆಗೋಲಿನಲ್ಲಿ ಇದು ಎಲ್ಲಕ್ಕಿಂತ ಮುಂದೆ ನಿಲ್ಲುತ್ತದೆ: ಕರೆಂಟ್ ಬಂದಾಗ ಹದಿನಾರೂ ಪೋರ್ಟುಗಳು ಇನ್‌ಪುಟ್ ಆಗಿಯೇ ಏಳುತ್ತವೆ, ಆದ್ದರಿಂದ ಏನನ್ನೂ ಎಳೆಯುವುದಿಲ್ಲ. 595ರಲ್ಲಿ ರೆಸಿಸ್ಟರ್ ಹಾಕಿ ಸಾಧಿಸಿದ್ದು ಇಲ್ಲಿ ಹುಟ್ಟುಗುಣ.

ಹಾಗಾದರೆ ಎಲ್ಲರೂ ಇದನ್ನೇ ಏಕೆ ಕೊಳ್ಳಬಾರದು? ಬೆಲೆ 595ರ ಹಲವು ಪಟ್ಟು. ವೇಗವೂ ಕಡಿಮೆ: 100 ಕಿಲೋಹರ್ಟ್ಸ್ ಐ2ಸಿಯಲ್ಲಿ ವಿಳಾಸ, ರಿಜಿಸ್ಟರ್, ಡೇಟಾ ಮೂರೂ ಸೇರಿ 27 ಕ್ಲಾಕ್ ಬೇಕು, ಎಂಟು ಬಿಟ್ ಬದಲಿಸಲು ಸುಮಾರು 0.28 ಮಿಲಿಸೆಕೆಂಡ್, 1 ಮೆಗಾಹರ್ಟ್ಸ್ ಕ್ಲಾಕಿನ 595 ಅದೇ ಕೆಲಸವನ್ನು 8 ಮೈಕ್ರೋಸೆಕೆಂಡಿನಲ್ಲಿ ಮುಗಿಸುತ್ತದೆ. ವಾಲ್ವಿಗೆ ಈ ಅಂತರ ಲೆಕ್ಕಕ್ಕಿಲ್ಲ, ಬೆಳಕಿನ ಆಟಕ್ಕೆ ಇದೆ. ನನಗೆ ಹೆಚ್ಚು ಕಾಡುವುದು ಬೇರೆಯದು. ಗದ್ದಲದ ವಿದ್ಯುತ್ತಿನ ಜಾಗದಲ್ಲಿ ಐ2ಸಿಯ ಡೇಟಾ ತಂತಿ ಕೆಳಗೇ ಸಿಕ್ಕಿಕೊಂಡರೆ ಇಡೀ ಬಸ್ ನಿಲ್ಲುತ್ತದೆ, ಪ್ರೋಗ್ರಾಮು ಉತ್ತರಕ್ಕಾಗಿ ಕಾಯುತ್ತಾ ಕೂರಬಹುದು. 595 ಉತ್ತರವನ್ನೇ ಕೊಡುವುದಿಲ್ಲ, ಆದ್ದರಿಂದ ಅದಕ್ಕಾಗಿ ಕಾಯುವುದೂ ಇಲ್ಲ. ಪ್ರತಿ ಸೆಕೆಂಡಿಗೊಮ್ಮೆ ಅದೇ ಬೈಟನ್ನು ಮತ್ತೆ ಬರೆಯುತ್ತಿದ್ದರೆ, ಗದ್ದಲದಲ್ಲಿ ಕೆಟ್ಟ ಬಿಟ್ಟೂ ತಾನಾಗಿ ಸರಿಹೋಗುತ್ತದೆ. ಎಂಟೇ ಪೋರ್ಟು ಸಾಕೆನ್ನುವವರಿಗೆ ಅಗ್ಗದ ಪಿಸಿಎಫ್8574 ಇದೆ. ಅದು ಮೇಲಿನಿಂದ ಕೊಡುವುದು ತೀರ ಅಲ್ಪ ಪ್ರವಾಹ, ಗ್ರೌಂಡಿನ ಕಡೆಗೆ ಚೆನ್ನಾಗಿ ಎಳೆಯುತ್ತದೆ. ಏಳುವಾಗ ಎಲ್ಲವೂ 1 ಆಗಿರುವುದರಿಂದ ಸೊನ್ನೆಗೆ ಚಾಲೂ ಆಗುವ ರಿಲೇ ಬೋರ್ಡಿಗೆ ಹೊಂದುತ್ತದೆ.

ಯಾರಿಗೆ ಯಾವುದು

ಗೋಣಿಕೊಪ್ಪಲಿನ ಬೆಳೆಗಾರರಿಗೆ ನಾನು ಹೇಳಿದ್ದು ಎರಡು 74ಎಚ್‌ಸಿಟಿ595, ಎರಡು ಯುಎಲ್‌ಎನ್2803, 12 ವೋಲ್ಟಿನ ಬಿಡಿ ರಿಲೇಗಳು, ಎನೇಬಲ್ ಪಿನ್ನಿಗೆ 10 ಕಿಲೋಓಮ್. ಹದಿನಾರರಲ್ಲಿ ಹನ್ನೆರಡು ವಾಲ್ವಿಗೆ, ಒಂದು ಪಂಪಿನ ಸ್ಟಾರ್ಟರಿಗೆ, ಮೂರು ಮುಂದಕ್ಕೆ. ಟ್ಯಾಂಕಿನ ಸ್ವಿಚ್ಚುಗಳೂ ಹತ್ತಾರು ಇದ್ದು ಬಜೆಟ್ಟಿಗೆ ಅಡ್ಡಿಯಿಲ್ಲದಿದ್ದರೆ ಎಂಸಿಪಿ ಸರಿ; ಅವರಿಗಿದ್ದದ್ದು ಎರಡೇ ಫ್ಲೋಟ್, ಅವು ನೇರವಾಗಿ ಬೋರ್ಡಿಗೆ ಹೋದವು. ಒಂದು ಮಾತನ್ನು ಅವರಿಗೆ ಒತ್ತಿ ಹೇಳಿದೆ. ಡೇಟಾ, ಕ್ಲಾಕ್ ತಂತಿಗಳು ಪೆಟ್ಟಿಗೆಯಿಂದ ಹೊರಗೆ ಹೋಗಬಾರದು. ಇಪ್ಪತ್ತು ಮೀಟರ್ ಆಚೆಯ ಇನ್ನೊಂದು ಪೆಟ್ಟಿಗೆಗೆ ಶಿಫ್ಟ್ ರಿಜಿಸ್ಟರಿನ ಕ್ಲಾಕ್ ಎಳೆದರೆ, ತಂತಿಯಲ್ಲಿ ಅಲುಗಾಡುವ ಒಂದು ಕ್ಲಾಕ್ ಅಂಚು ಎರಡಾಗಿ ಎಣಿಕೆಯಾಗಿ ಎಲ್ಲ ಬಿಟ್ಟುಗಳೂ ಒಂದು ಮನೆ ಮುಂದೆ ಹೋಗುತ್ತವೆ. ಅಷ್ಟು ದೂರಕ್ಕೆ ಆರ್‌ಎಸ್-485 ಎಂಬ ಉದ್ದ ತಂತಿಯ ಸಂವಹನ ಪದ್ಧತಿ ಬೇಕು, ಅದು ಬೇರೆ ವಿಷಯ.

ಮಂಟಪದ ಯುವಕರ ಲೆಕ್ಕ ಬೇರೆ. ಹತ್ತು ಮಂಟಪಗಳು ಒಂದೇ ರಾತ್ರಿ ಹೊರಡುವ ಊರಿನಲ್ಲಿ ದಾರಿಯ ನಡುವೆ ಬೋರ್ಡು ಕೆಟ್ಟರೆ ಮರುದಿನ ಎಂಬುದಿಲ್ಲ. ಒಂದು ಮೀಟರ್ 12 ವೋಲ್ಟಿನ ಎಲ್‌ಇಡಿ ಪಟ್ಟಿ, ಅದರ ಬಗೆಯನ್ನು ಅನುಸರಿಸಿ, 0.4ರಿಂದ 1.2 ಆಂಪ್ ತನಕ ಎಳೆಯುವುದರಿಂದ ಟಿಪಿಐಸಿಯ 150 ಮಿಲಿಆಂಪ್ ಸಾಲದು. ಎಂಟು 595, ಪ್ರತಿ ಸಾಲಿಗೆ ಐಆರ್‌ಎಲ್‌ಝಡ್44ಎನ್ ತರಹದ ಒಂದು ಲಾಜಿಕ್ ಮಟ್ಟದ ಮಾಸ್‌ಫೆಟ್ (ಚಿಪ್ಪಿನ ಸಂಕೇತಕ್ಕೇ ಚಾಲೂ ಆಗುವ ಶಕ್ತಿಯುತ ಟ್ರಾನ್ಸಿಸ್ಟರ್), ಅದರ ಗೇಟಿನಿಂದ ಗ್ರೌಂಡಿಗೆ 10 ಕಿಲೋಓಮ್. ಹೀಗೆ ಎಂಟೆಂಟು ಸಾಲಿನ ಎಂಟು ಒಂದೇ ಬಗೆಯ ಬೋರ್ಡು ಮಾಡಿ, ಒಂಬತ್ತನೆಯದನ್ನು ಜೊತೆಗಿಟ್ಟುಕೊಳ್ಳಿ ಎಂದೆ. ಅವರಿಗೆ ಆಸೆ ಇದ್ದದ್ದು ಬಣ್ಣ ಬದಲಿಸುವ ಡಬ್ಲ್ಯುಎಸ್2812 ಪಟ್ಟಿಯ ಮೇಲೆ. ಅದೂ ಒಂದು ರೀತಿಯ ಶಿಫ್ಟ್ ರಿಜಿಸ್ಟರೇ: ಪ್ರತಿ ಎಲ್‌ಇಡಿ ಬಂದ ಮೊದಲ 24 ಬಿಟ್ಟನ್ನು ತಾನಿಟ್ಟುಕೊಂಡು ಉಳಿದದ್ದನ್ನು ಮುಂದೆ ದಾಟಿಸುತ್ತದೆ. ಒಂದೇ ಪಿನ್ ಸಾಕು, ಬಣ್ಣ ಬೇಕಾದಷ್ಟು. ಆದರೆ ಪೂರ್ಣ ಬಿಳಿ ಉರಿದಾಗ ಒಂದೊಂದಕ್ಕೆ 60 ಮಿಲಿಆಂಪ್, ನೂರಕ್ಕೆ 5 ವೋಲ್ಟಿನಲ್ಲಿ 6 ಆಂಪ್. ಮತ್ತು ನಡುವೆ ಒಂದು ಸತ್ತರೆ ಅದರ ಮುಂದಿನ ಎಲ್ಲವೂ ಕತ್ತಲು. ದೇವರ ಹಿಂದಿನ ಪ್ರಭಾವಳಿಗೆ, ಕೈಗೆ ಎಟುಕುವ ಜಾಗದಲ್ಲಿ ಅದನ್ನು ಬಳಸಿ. ಮೇಲಿನ ಕಮಾನಿಗೆ 595 ಇರಲಿ. ಎಲ್ಲೇ ಇರಲಿ, ಪ್ರತಿ ಚಿಪ್ಪಿನ ಪಕ್ಕದಲ್ಲಿ 0.1 ಮೈಕ್ರೋಫ್ಯಾರಡ್ ಸೆರಾಮಿಕ್ ಕೆಪಾಸಿಟರ್ ಇರಲೇಬೇಕು, ಜನರೇಟರಿನ ಮೇಲೆ ನಡೆಯುವಾಗ ಅದಿಲ್ಲದ ಸರಪಳಿ ಬಹಳ ಹೊತ್ತು ನೆಟ್ಟಗಿರುವುದಿಲ್ಲ.

ವಿದ್ಯಾರ್ಥಿನಿಯರ ಫಲಕಕ್ಕೆ ಮೊದಲು ಮನಸ್ಸಿಗೆ ಬಂದದ್ದು ಮ್ಯಾಕ್ಸ್7219. ಒಂದೇ ಚಿಪ್ ಎಂಟು ಅಂಕಿಗಳನ್ನು ನಡೆಸುತ್ತದೆ, ಬೆಳಕಿನ ಮಟ್ಟಕ್ಕೆ ಒಂದೇ ರೆಸಿಸ್ಟರ್. ಮೇಜಿನ ಮೇಲಿಡುವ ಸಣ್ಣ ಫಲಕವಾಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಅದು 5 ವೋಲ್ಟಿನ ಚಿಪ್. ಒಂದು ಗೆರೆಯಲ್ಲೇ ನಾಲ್ಕಾರು ಎಲ್‌ಇಡಿ ಸಾಲಾಗಿರುವ ಅಂಗೈಗಿಂತ ದೊಡ್ಡ ಅಂಕಿಗಳಿಗೆ 12 ವೋಲ್ಟ್ ಬೇಕಾಗುತ್ತದೆ. ಕಣದ ಆಚೆಯಿಂದ ಓದಬೇಕಾದ ಫಲಕಕ್ಕೆ ನಾಲ್ಕು ಅಂಕಿ, ನಾಲ್ಕು ಟಿಪಿಐಸಿ6ಬಿ595, ಊನೋದ 5 ವೋಲ್ಟಿನ ಪಿನ್ನಿನಿಂದ ನೇರವಾಗಿ. ಮಳೆಮಾಪಕದ ಬಟ್ಟಲು ಮಗುಚುವಾಗ ಬರುವ ಚಿಕ್ಕ ಮಿಡಿತವನ್ನು ಅವರು 165ರ ಮೂಲಕ ಓದಬೇಕೆಂದಿದ್ದರು, ಬೇಡವೆಂದೆ. ಓದುವ ಎರಡು ಸುತ್ತಿನ ನಡುವೆ ಬಂದು ಹೋದ ಮಿಡಿತವನ್ನು 165 ನೋಡುವುದೇ ಇಲ್ಲ, ಆ ಸೆಂಟು ಲೆಕ್ಕದಿಂದ ತಪ್ಪಿಹೋಗುತ್ತದೆ. ಅದಕ್ಕೆ ಊನೋದ ಇಂಟರಪ್ಟ್ ಪಿನ್ 2ನ್ನೇ ಮೀಸಲಿಡಿ ಎಂದು ಹೇಳಿ, ಚಿಪ್ಪುಗಳ ಜೊತೆಗೆ ಒಂದು ಟಿಪಿಐಸಿಯನ್ನು ಹೆಚ್ಚಿಗೆ ಬರೆಸಿದೆ. ಜೂನಿನ ಮಳೆಯಲ್ಲಿ ಕೊರಿಯರಿನವರು ಘಾಟಿ ಹತ್ತುವುದನ್ನು ಕಾಯುವುದಕ್ಕಿಂತ ಅದು ಅಗ್ಗ.